ಸವೆದ ನಾಣ್ಯವೊ, ಮಸಕು ಅಚ್ಚೊ?

ನಾಣ್ಯದ ಮೇಲಿನ ಕಾಡುಕೋಣದ ಕೊಂಬು ಮಸಕಾಗಿದೆ. ಬಹಳ ಕೈ ಬದಲಿಸಿ ಸವೆದಿದೆಯೆಂದು ತೀರ್ಪು ಕೊಡುವ ಮುನ್ನ, ವಾಚಕರೆ, ಸ್ವಲ್ಪ ತಾಳಿರಿ.

ಇದು ಅಮೆರಿಕದ ‘ಬಫೆಲೋ ನಿಕಲ್’. ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರನು ರೂಪಿಸಿದ ಈ ಐದು ಸೆಂಟಿನ ನಾಣ್ಯವನ್ನು 1913ರಿಂದ 1938ರ ವರೆಗೆ ಟಂಕಿಸಿದರು. ನೂರಕ್ಕೆ 75 ಪಾಲು ತಾಮ್ರ, 25 ಪಾಲು ನಿಕಲ್. ಬಲು ಗಡುಸಾದ ಮಿಶ್ರಲೋಹ. ಒತ್ತಡ ಸಾಲದಿದ್ದರೆ ಅದು ಅಚ್ಚಿನ ಆಳವನ್ನು ತುಂಬದು. ಡೆನ್ವರ್ ಟಂಕಸಾಲೆಯ 1926ರ ನಾಣ್ಯಗಳು ಈ ದೋಷಕ್ಕೇ ಹೆಸರಾಗಿವೆ. ಅವುಗಳಲ್ಲಿ ಅನೇಕವು ಹುಟ್ಟಿನಿಂದಲೇ ಮಸಕು.

ಪರೀಕ್ಷೆ ಕಷ್ಟವಲ್ಲ. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ಮೆಲ್ಲನೆ ತಿರುಗಿಸಿರಿ. ಟಂಕಸಾಲೆಯ ಮೂಲ ಹೊಳಪು ಮಸಕಾದ ಭಾಗದ ಮೇಲೂ ಕಡಿಯದೆ ಹರಿದರೆ ಅದು ದುರ್ಬಲ ಅಚ್ಚು. ಅಚ್ಚೊತ್ತುವ ಮೊದಲೇ ಬಿಲ್ಲೆಯ ಮೇಲಿದ್ದ ಸಣ್ಣ ಗೀರುಗಳೂ ಅಲ್ಲಿ ಉಳಿದಿರುವುದುಂಟು. ಉಬ್ಬಿನ ನೆತ್ತಿಯಲ್ಲಿ ಹೊಳಪು ತುಂಡಾಗಿ, ಲೋಹ ನುಣುಪಾಗಿ, ಬಣ್ಣ ಕಂದಿದ್ದರೆ ಅದು ಸವೆತವೇ ಸರಿ.

ಈ ಎರಡರ ಬೆಲೆಗೂ ಅಜಗಜಾಂತರ. ಬಳಸದ ನಾಣ್ಯವನ್ನು ಸವೆದುದೆಂದು ಮಾರಿದವನಿಗೂ ನಷ್ಟ. ಸವೆದುದನ್ನು ಬಳಸದುದೆಂದು ಕೊಂಡವನಿಗೂ ನಷ್ಟ.