ದತ್ತಕೋಶಕ್ಕೆ ಸುರಕ್ಷಿತ ಮಾರ್ಗ

ಗಣಕದಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿದ ಮಾಹಿತಿಗೆ ದತ್ತಕೋಶ ಅಥವಾ ಡೇಟಾಬೇಸ್ ಎಂದೂ, ಕೇಳಿದವರಿಗೆ ಅದನ್ನು ಒದಗಿಸುವ ಗಣಕಕ್ಕೆ ಸರ್ವರ್ ಎಂದೂ ಹೆಸರು. ಸರ್ವರಿಗೆ ಸಂಖ್ಯೆಗಳಿಂದ ಗುರುತಿಸುವ ಅನೇಕ ದ್ವಾರಗಳುಂಟು, ಇವೇ ಪೋರ್ಟುಗಳು. ಪೋಸ್ಟ್‌ಗ್ರೆಸ್ ಎಂಬ ದತ್ತಕೋಶದ ರೂಢಿಯ ಪೋರ್ಟು 5432. ಯಾವ ದ್ವಾರದಿಂದ ಯಾರು ಬರಬಹುದೆಂಬುದನ್ನು ನಿಯಮಾನುಸಾರ ನಿರ್ಣಯಿಸುವ ಕಾವಲೇ ಫೈರ್‌ವಾಲ್. ಆದರೆ ಕಾವಲಿದ್ದ ಮಾತ್ರಕ್ಕೆ ರಕ್ಷಣೆ ಸಿದ್ಧಿಸದು. ಬರುವವರೆಲ್ಲರೂ ಆ ಕಾವಲಿನ ಮುಂದೆಯೇ ಹಾದು ಬರಬೇಕು.

ಇದಕ್ಕೊಂದು ನಿದರ್ಶನವುಂಟು. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಗಣಕಪಿಡುಗು ಜಗತ್ತಿನಾದ್ಯಂತ ಹಬ್ಬಿತು. ಅದರ ಗಾತ್ರ ಕೇವಲ 376 ಬೈಟು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿದ್ದ ಒಂದು ದೋಷವನ್ನು ಹಿಡಿದು, 1434ನೆಯ ಪೋರ್ಟಿನಿಂದ ಅದು ಒಳನುಗ್ಗುತ್ತಿತ್ತು. ಅಮೆರಿಕದ ಓಹಾಯೋ ರಾಜ್ಯದ ಡೇವಿಸ್-ಬೆಸ್ಸಿ ಪರಮಾಣು ವಿದ್ಯುತ್ ಸ್ಥಾವರದ ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿಯೇ ಇತ್ತು. ಆದರೂ ಗುತ್ತಿಗೆದಾರರೊಬ್ಬರ ಜಾಲದಿಂದ, ಫೈರ್‌ವಾಲನ್ನು ಹಾಯದೆ ಒಳಸೇರುವ ಬೇರೊಂದು ಸಂಪರ್ಕವಿತ್ತು. ಪಿಡುಗು ಆ ದಾರಿಯಲ್ಲಿ ಬಂದಿತು. ಸುರಕ್ಷತಾ ಸ್ಥಿತಿಯನ್ನು ತೋರಿಸುವ ವ್ಯವಸ್ಥೆ ಸುಮಾರು ಐದು ಗಂಟೆಗಳ ಕಾಲ ಸ್ತಬ್ಧವಾಯಿತು. ಸ್ಥಾವರವು ಆಗ ಮೊದಲೇ ಸ್ಥಗಿತಗೊಂಡಿದ್ದುದರಿಂದ ಅನಾಹುತವಾಗಲಿಲ್ಲ. ದೋಷಕ್ಕೆ ಪರಿಹಾರವು 2002ರ ಜುಲೈಯಲ್ಲಿಯೇ ಪ್ರಕಟವಾಗಿದ್ದರೂ ಅಲ್ಲಿ ಅದನ್ನು ಅಳವಡಿಸಿರಲಿಲ್ಲವೆಂಬುದು ಗಮನಾರ್ಹ.

ಹೀಗಾಗಿ ದೂರದಿಂದ ದತ್ತಕೋಶವನ್ನು ಸಂಪರ್ಕಿಸುವವರು ಮೂರು ಕ್ರಮಗಳನ್ನು ಅನುಸರಿಸುವುದು ಯುಕ್ತ. ಮೊದಲನೆಯದು, ದತ್ತಕೋಶವು ಸರ್ವರಿನ ಆಂತರಿಕ ವಿಳಾಸವಾದ 127.0.0.1ರಲ್ಲಿ ಬಂದ ಕೋರಿಕೆಗೆ ಮಾತ್ರ ಓಗೊಡುವಂತೆ ಮಾಡುವುದು. ಎರಡನೆಯದು, ಫೈರ್‌ವಾಲಿನಲ್ಲಿ ಉಳಿದೆಲ್ಲ ಪೋರ್ಟುಗಳನ್ನು ಮುಚ್ಚಿ, 22ನೆಯದನ್ನು ಮಾತ್ರ, ಅದೂ ಪರಿಚಿತ ವಿಳಾಸಗಳಿಗೆ ಮಾತ್ರ ತೆರೆಯುವುದು. ಇದು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಪೋರ್ಟು. ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದ ಬಳಿಕ, 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ಈ ವಿಧಾನವನ್ನು ರೂಪಿಸಿದರು. ಮೂರನೆಯದು, ಬಳಸುವವರ ಗಣಕದ ಒಂದು ಪೋರ್ಟನ್ನು, ಉದಾಹರಣೆಗೆ 5433ನ್ನು, ಎಸ್‌ಎಸ್‌ಎಚ್ ಮೂಲಕ ಸರ್ವರಿನ 5432ಕ್ಕೆ ಜೋಡಿಸುವುದು. ಇದನ್ನೇ ಸುರಂಗವೆನ್ನುತ್ತಾರೆ. ಪ್ರಶ್ನೋತ್ತರಗಳೆಲ್ಲ ಗೂಢಲಿಪಿಯಲ್ಲಿ ಇದರೊಳಗೆ ಸಂಚರಿಸುವುದರಿಂದ ನಡುದಾರಿಯಲ್ಲಿ ಕದ್ದರೂ ಅರ್ಥವಾಗದು.

ಇಲ್ಲೊಂದು ಶಂಕೆ ಏಳಬಹುದು: ಎಲ್ಲವನ್ನೂ ಒಂದೇ ದ್ವಾರಕ್ಕೆ ಒಪ್ಪಿಸಿದರೆ, ಅದು ಮುರಿದಾಗ ಎಲ್ಲವೂ ಹೋಗದೆ? ಇದಕ್ಕೆ ಸಮಾಧಾನವಿಷ್ಟು: ಹಲವು ದ್ವಾರಗಳನ್ನು ಕಾಯುವುದಕ್ಕಿಂತ ಒಂದನ್ನು ಚೆನ್ನಾಗಿ ಕಾಯುವುದು ಸುಲಭ. ಅದಕ್ಕಾಗಿಯೇ ಗುಪ್ತಪದದ ಬದಲು ಕೀಲಿಜೋಡಿಯನ್ನು ಬಳಸಬೇಕು. ಅದರಲ್ಲಿ ಖಾಸಗಿ ಕೀಲಿಯನ್ನು ಯಾರಿಗೂ ಕೊಡಬಾರದು. ಮೊದಲ ಸಂಪರ್ಕದಲ್ಲಿ ಸರ್ವರು ತೋರಿಸುವ ಗುರುತುಸಾಲನ್ನು, ನಿರ್ವಾಹಕರಿಂದ ಬೇರೆ ದಾರಿಯಲ್ಲಿ ಪಡೆದ ಸಾಲಿನೊಡನೆ ಅಕ್ಷರಶಃ ಹೋಲಿಸಿಯೇ ಒಪ್ಪಬೇಕು. ಓದುವುದಷ್ಟೇ ಕೆಲಸವಾದವರಿಗೆ ದತ್ತಕೋಶದಲ್ಲಿ ತಿದ್ದುವ ಅಧಿಕಾರವಿರಕೂಡದು. ದೋಷಪರಿಹಾರಗಳನ್ನು ಪ್ರಕಟವಾದೊಡನೆ ಅಳವಡಿಸಬೇಕು. ಅನುಕೂಲಕ್ಕೆಂದು ತೆರೆದ ಎರಡನೆಯ ದಾರಿಯೊಂದು ಉಳಿದಿದ್ದರೆ ಮೊದಲ ಬಾಗಿಲಿನ ಬೀಗ ವ್ಯರ್ಥವೆಂಬುದನ್ನು ಡೇವಿಸ್-ಬೆಸ್ಸಿಯ ಪ್ರಸಂಗವು ಸ್ಪಷ್ಟಪಡಿಸುತ್ತದೆ.