ಬಟ್ಟೆ ಎಳೀಬೇಡಿ, ಕೂರಿಸಿ: ಎಂಬ್ರಾಯ್ಡರಿ ಫ್ರೇಮ್‌ನ ಲೆಕ್ಕ

ಮದುವೆ ಸೀಸನ್ ಶುರುವಾದರೆ ಮಧುಗಿರಿ ತಾಲ್ಲೂಕಿನ ನಮ್ಮ ಪುರವರದಲ್ಲಿ ಟೈಲರ್ ಅಕ್ಕಂದಿರ ಮನೆ ಮುಂದೆ ಒಂದೇ ಮಾತು: "ಅಕ್ಕಾ, ಬ್ಲೌಸ್‌ಗೆ ವರ್ಕ್ ಹಾಕಿಕೊಡ್ತೀರಾ?" ಇವತ್ತಿನ ಸಂಚಿಕೆ ಆ ವರ್ಕ್ ಶುರುವಾಗೋಕೆ ಮುಂಚಿನ ಐದು ನಿಮಿಷದ ಬಗ್ಗೆ. ಅಂದ್ರೆ, ಮೆಷಿನ್ ಫ್ರೇಮ್‌ಗೆ ಬಟ್ಟೆ ಕೂರಿಸೋದು ಹೇಗೆ ಅನ್ನೋದರ ಬಗ್ಗೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಸಂಚಿಕೆ ಬೇಕಾ? ಬೇಕು. ಸೀರೆ ಜೊತೆ ಬರೋ ಬ್ಲೌಸ್ ಪೀಸ್ ಹೆಚ್ಚುಕಡಿಮೆ 80 ಸೆಂಟಿಮೀಟರ್ ಇರುತ್ತೆ, ಇರೋದೂ ಒಂದೇ. ಅದು ಕೆಟ್ಟರೆ ಅದೇ ಬಣ್ಣ, ಅದೇ ಬಾರ್ಡರ್ ಅಂಗಡಿಯಲ್ಲಿ ಸಿಗೋದು ಕಷ್ಟ. ನಾನು ಓದಿದ್ದು ಬಿಕಾಂ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ದಾರ, ಕರೆಂಟು, ಕೂಲಿ ಇವೆಲ್ಲ ಖರ್ಚು. ಗಿರಾಕಿಯ ಪೀಸ್ ಕೆಟ್ಟರೆ ಅದು ಸಾಲ.

ನಮ್ಮ ಚಿಕ್ಕಮ್ಮನಿಗೆ ಹೀಗೇ ಆಗಿತ್ತು. ಫ್ರೇಮ್‌ನಲ್ಲಿ ಇರೋವರೆಗೂ ಹೂವು ಚೆನ್ನಾಗಿತ್ತು. ಬಿಚ್ಚಿದ ತಕ್ಷಣ ಹೂವಿನ ಸುತ್ತ ನೆರಿಗೆ! ಮೊದಲು ದಾರವನ್ನ ಬೈದರು, ಆಮೇಲೆ ಡಿಸೈನ್‌ನ, ಕೊನೆಗೆ ಮೆಷಿನ್‌ನ. ತಪ್ಪು ಮೂರರದ್ದೂ ಅಲ್ಲ. ಸ್ಕ್ರೂ ಬಿಗಿ ಮಾಡಿದ ಮೇಲೆ ಅಂಚು ಹಿಡಿದು ಬಟ್ಟೆಯನ್ನ ಎಳೆದಿದ್ದರು, ಅಷ್ಟೇ.

ಯಾಕೆ ಹೀಗಾಗುತ್ತೆ? ಧಾರವಾಡದ ಕಡೆಯ ಕಸೂತಿಯಲ್ಲಿ ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸಿ ಹೊಲೀತಾರೆ. ಅವರ ಕಣ್ಣು ಬಟ್ಟೆ ಮೇಲೇ ಇರುತ್ತೆ. ಮೆಷಿನ್‌ಗೆ ಬಟ್ಟೆ ಕಾಣಲ್ಲ, ಅದಕ್ಕೆ ಗೊತ್ತಿರೋದು ಫ್ರೇಮ್ ಮಾತ್ರ. ಫ್ರೇಮನ್ನ ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಸರಿಸಿ ಸೂಜಿ ಇಳಿಸುತ್ತೆ. ನೀವು ಹಿಗ್ಗಿಸಿ ಕೂರಿಸಿದರೆ ಹಿಗ್ಗಿದ ಬಟ್ಟೆ ಮೇಲೇ ಹೂವು ಬೀಳುತ್ತೆ. ಬಿಚ್ಚಿದಾಗ ಬಟ್ಟೆ ಮೊದಲಿನ ಅಳತೆಗೆ ವಾಪಸ್ ಬರುತ್ತೆ, ಹೊಲಿಗೆ ಬರಲ್ಲ. ಆಗ ನೆರಿಗೆ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಒಂದು: ಮೊದಲು ವರ್ಕ್, ಆಮೇಲೆ ಕಟಿಂಗ್. ಕತ್ತಿನ ದುಂಡನ್ನ ಮೊದಲೇ ಕತ್ತರಿಸಿದರೆ ಆ ಅಂಚು ಓರೆಯಾಗಿ ಹಿಗ್ಗುತ್ತೆ. ಇಸ್ತ್ರಿ ಮಾಡಿ, ಪೂರ್ತಿ ಪೀಸ್ ಮೇಲೆ ಕತ್ತು, ತೋಳು ಗುರುತು ಹಾಕಿ, ಡಿಸೈನ್‌ನ ನಡುವಿಗೆ ಕೂಡು ಗೆರೆ ಎಳೀರಿ.

ಎರಡು: ಬಟ್ಟೆ ಕೆಳಗೆ ಬ್ಯಾಕಿಂಗ್ ಪೇಪರ್ ಇರಲಿ. ದಾರ ಎಳೆಯೋ ಭಾರ ಬಟ್ಟೆ ಒಂದರ ಮೇಲೇ ಬೀಳಬಾರದು. ಪೇಪರ್ ಫ್ರೇಮ್‌ಗಿಂತ ದೊಡ್ಡದಿರಬೇಕು, ನಾಲ್ಕೂ ಕಡೆ ಹಿಡಿತಕ್ಕೆ ಸಿಗಬೇಕು.

ಮೂರು: ಹೊರಗಿನ ರಿಂಗ್ ಕೆಳಗೆ, ಅದರ ಮೇಲೆ ಪೇಪರ್, ಅದರ ಮೇಲೆ ಬಟ್ಟೆ. ಒಳಗಿನ ರಿಂಗನ್ನ ಮೇಲಿಂದ ಒತ್ತಿ. ಕೈ ಕಸೂತಿ ಮಾಡೋರಿಗೆ ಇದು ಉಲ್ಟಾ ಅನ್ನಿಸುತ್ತೆ. ಆದರೆ ಮೆಷಿನ್‌ನಲ್ಲಿ ಬಟ್ಟೆ ತಳಕ್ಕೆ ಅಂಟಿದ ಹಾಗೆ ಕೂರಬೇಕು. ರಿಂಗ್ ಕೂರೋ ಮುಂಚೆಯೇ ಸ್ಕ್ರೂನ ಮುಕ್ಕಾಲು ಭಾಗ ಬಿಗಿ ಮಾಡಿಟ್ಟುಕೊಳ್ಳಿ. ಕೊನೆಗೆ ಉಳಿದಿದ್ದನ್ನ ತಿರುಗಿಸಿ. ಆಮೇಲೆ ಬಟ್ಟೆ ಎಳೆಯೋ ಆಸೆ ಬಂದರೆ ಕೈ ಹಿಂದಕ್ಕೆ ಇಟ್ಕೊಳ್ಳಿ! ಸಡಿಲ ಅನ್ನಿಸಿದರೆ ಬಿಚ್ಚಿ ಮತ್ತೆ ಕೂರಿಸಿ.

"ತಮಟೆ ಥರ ಬಿಗಿ ಇರಬೇಕು" ಅಂತಾರಲ್ಲ, ಅದು ಅರ್ಧ ಸತ್ಯ. ಬಟ್ಟೆ ಜೋಲಾಡಬಾರದು ನಿಜ, ಆದರೆ ಅದರ ಎಳೆ ಸೊಟ್ಟ ಆಗಬಾರದು. ಟೀ ಶರ್ಟ್ ಥರ ಹಿಗ್ಗೋ ಬಟ್ಟೆಯನ್ನಂತೂ ತಮಟೆ ಮಾಡಲೇಬೇಡಿ. ಅದಕ್ಕೆ ಹರಿದು ತೆಗೆಯೋ ಪೇಪರ್ ಸಾಲದು. ಹೊಲಿಗೆ ಹಿಂದೆ ಹಾಗೇ ಉಳಿಯೋ, ಅಂಚು ಮಾತ್ರ ಕತ್ತರಿಸೋ ಗಟ್ಟಿ ಪೇಪರ್ ಬೇಕು.

ವೆಲ್ವೆಟ್, ನಾಜೂಕು ರೇಷ್ಮೆ ಆದರೆ ರಿಂಗ್ ಒತ್ತಿದ ಗುರುತು ಉಳಿಯೋ ಭಯ. ಒಳಗಿನ ರಿಂಗ್‌ಗೆ ಕಾಟನ್ ಟೇಪ್ ಸುತ್ತಿ. ಇಲ್ಲಾಂದ್ರೆ ಪೇಪರ್ ಮಾತ್ರ ಫ್ರೇಮ್‌ಗೆ ಹಾಕಿ, ಬಟ್ಟೆಯನ್ನ ಅದರ ಮೇಲೆ ಹರಡಿ, ಡಿಸೈನ್ ಜಾಗದ ಆಚೆ ಸುತ್ತಲೂ ದೊಡ್ಡ ಟಾಕಾ ಹಾಕಿ ನಿಲ್ಲಿಸಿ.

ಹೊಲಿದ ರೆಡಿಮೇಡ್ ಬಟ್ಟೆ ಆದರೆ ಸ್ಟಾರ್ಟ್ ಒತ್ತೋ ಮುಂಚೆ ಫ್ರೇಮ್ ಕೆಳಗೆ ಒಮ್ಮೆ ಕೈ ಆಡಿಸಿ. ಬೆನ್ನು, ತೋಳು ಮಡಚಿಕೊಂಡು ಕೆಳಗೆ ಸೇರಿದ್ದರೆ ಎರಡೂ ಒಟ್ಟಿಗೆ ಹೊಲಿದುಹೋಗುತ್ತೆ. ನಿಮ್ಮ ಮೆಷಿನ್‌ನಲ್ಲಿ ಡಿಸೈನ್ ಅಂಚು ಸುತ್ತಿ ತೋರಿಸೋ ಬಟನ್ ಇದ್ದರೆ ಅದನ್ನೂ ಬಳಸಿ. ಸೂಜಿ ಫ್ರೇಮ್‌ಗೆ ತಗಲುತ್ತಾ ಅಂತ ಮುಂಚೆಯೇ ಗೊತ್ತಾಗುತ್ತೆ.

ನಮ್ಮ ಕಡೆಗೆ ಮುಖ್ಯವಾದ ಇನ್ನೊಂದು: ಕೆಲಸದ ನಡುವೆ ಕರೆಂಟ್ ಹೋದರೆ ಬಟ್ಟೆಯನ್ನ ಫ್ರೇಮ್‌ನಿಂದ ಬಿಚ್ಚಬೇಡಿ. ಎಷ್ಟನೇ ಹೊಲಿಗೆಯಲ್ಲಿ ನಿಂತಿತು ಅನ್ನೋದನ್ನ ಹಲವು ಕಂಪ್ಯೂಟರ್ ಮೆಷಿನ್‌ಗಳು ನೆನಪಿಟ್ಟುಕೊಳ್ಳುತ್ತವೆ. ಬಟ್ಟೆ ಎಲ್ಲಿತ್ತು ಅನ್ನೋದು ಯಾವ ಮೆಷಿನ್‌ಗೂ ನೆನಪಿರಲ್ಲ.

ಕೊನೇದಾಗಿ, ಖರ್ಚಿಲ್ಲದ ಅಭ್ಯಾಸ. ಮನೆಯಲ್ಲಿ ಹಳೇ ಚೌಕಳಿ ಲುಂಗಿ ಇರುತ್ತಲ್ಲ? ಅದರ ತುಂಡನ್ನ ಫ್ರೇಮ್‌ಗೆ ಕೂರಿಸಿ. ಚೌಕ ಚೌಕವಾಗೇ ಇದ್ದರೆ ನಿಮ್ಮ ಕೈ ಸರಿ ಇದೆ. ಗೆರೆ ಬಿಲ್ಲಿನ ಹಾಗೆ ಬಾಗಿದರೆ ನೀವು ಎಳೆದಿದ್ದೀರಿ. ಚಿಕ್ಕಮ್ಮ ಈಗ ಹೊಸದಾಗಿ ಕಲಿಯೋಕೆ ಬರೋ ಹುಡುಗಿಯರಿಗೆ ಮೊದಲು ಕೊಡೋದು ಚಿಕ್ಕಪ್ಪನ ಲುಂಗಿ ತುಂಡನ್ನೇ. ಹತ್ತು ಸಲ ಗೆರೆ ನೆಟ್ಟಗೆ ಬಂದ ಮೇಲೇ ಗಿರಾಕಿಯ ಪೀಸ್ ಕೈಗೆ.

ಟೈಲರಿಂಗ್ ಕಲೀತಿರೋ ಗೆಳತಿ, ಅಕ್ಕ, ತಂಗಿ ಯಾರಾದರೂ ಇದ್ದರೆ ಇದನ್ನ ಕಳಿಸಿ.