ಪದವಿ ನಿಮ್ಮದು, ಸಹಿ ಯಾರದು?

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಪಡೆದ ಪದವಿಯನ್ನು
ಇಟಲಿ ಯಾಕೆ ನೇರವಾಗಿ ನಂಬಲ್ಲ?
ಶ್ರೀಗಂಧದ ಕಾವಲು ಬಡಾವಣೆಯವರಿಗೆ ಆ ಕ್ಯಾಂಪಸ್ ಹತ್ತಿರ,
ಪದವಿ ಪತ್ರದ ಸಹಿ ಯಾರದೆಂದು ಹೋಗಿ ವಿಚಾರಿಸಬಹುದು.
ರೋಮ್‌ನ ಅಧಿಕಾರಿಗೆ ಅದು ಬರೀ ಶಾಯಿ ಗುರುತು.
ಹೊಸ ಊರಲ್ಲಿ ಬಾಡಿಗೆ ಮನೆ ಕೇಳಿದರೆ
“ನಿಮ್ಮನ್ನು ಬಲ್ಲವರು ಯಾರು?” ಅಂತಾರಲ್ಲ, ಹಾಗೇ ಇದು.
ಸಹಿಯನ್ನು ರಾಜ್ಯ ಸರ್ಕಾರ ಬಲ್ಲದು,
ರಾಜ್ಯವನ್ನು ವಿದೇಶಾಂಗ ಸಚಿವಾಲಯ ಬಲ್ಲದು,
ಸಚಿವಾಲಯವನ್ನು ಇಟಲಿ ಬಲ್ಲದು.
ಸಚಿವಾಲಯದ ಆ ಮುದ್ರೆಯೇ ಅಪಾಸ್ಟಿಲ್.
ಅದಕ್ಕೆ ಆಧಾರ 1961ರ ಹೇಗ್ ಒಪ್ಪಂದ. ನಮ್ಮಲ್ಲಿ 2005ರಿಂದ ಜಾರಿ.

“ಪದವಿ ಪತ್ರ ಡಿಜಿಲಾಕರ್‌ನಲ್ಲೇ ಇದೆಯಲ್ಲ?” ಅನ್ನಬಹುದು.
ಅದಕ್ಕೆ ಬಲ ಕೊಟ್ಟಿದ್ದು ನಮ್ಮ ಕಾನೂನು, ಅದು ಇಟಲಿಯನ್ನು ಕಟ್ಟಿಹಾಕದು;
ಹೇಗ್ ಒಪ್ಪಂದಕ್ಕೆ ಇಟಲಿಯೂ ಸಹಿ ಹಾಕಿದೆ.
ಆದರೆ ಅಪಾಸ್ಟಿಲ್ ಸಹಿಗೆ ಮಾತ್ರ ಸಾಕ್ಷಿ.
ನಿಮ್ಮ ಓದು ಅಲ್ಲಿ ಯಾವ ಪದವಿಗೆ ಸಮ,
ಅದನ್ನು ಅಲ್ಲಿಯವರೇ ತೀರ್ಮಾನಿಸುತ್ತಾರೆ.
ದುಬೈಗೆ ಹೊರಟಿದ್ದೀರಾ?
ಯುಎಇ ಈ ಒಪ್ಪಂದದಲ್ಲಿಲ್ಲ.
ಅವರ ರಾಯಭಾರ ಕಚೇರಿಯ ದೃಢೀಕರಣವೇ ಬೇಕು.